ಅಡುಗೆಯಕ್ಕನ ಹಣಿಗೆ

ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ತರೀಕೆರೆ, ನಮ್ಮ ಮನೆಯ ನಡುಮನೆ. ಇದ್ದವರು ನಾನು ಮತ್ತು ನನ್ನ ಮೊಮ್ಮಗಳು. ಮೊಮ್ಮಗಳ ಫೋನಿನಲ್ಲಿ ಇನ್ನೊಬ್ಬಳಿದ್ದಳು. ಅವಳ ಮುಖ ಕಾಣುತ್ತಿರಲಿಲ್ಲ, ಎರಡು ಕೈ ಮಾತ್ರ ಕಾಣುತ್ತಿದ್ದವು. ಕಪ್ಪು ಕೈ, ಗಿಡ್ಡ ಉಗುರು, ಎಣ್ಣೆ ಹತ್ತಿ ಮಿರುಗುವ ಹೆಬ್ಬೆರಳು. ಆ ಕೈಗಳು ಒಂದು ಹುಡುಗಿಯ ತಲೆಯ ಮೇಲೆ ಬೈತಲೆ ತೆಗೆಯುತ್ತಿದ್ದವು. ನಾವು ಬಲ್ಲ ಒಂದೇ ನೇರ ಬೈತಲೆಯಲ್ಲ, ಹೊಲಕ್ಕೆ ಬದು ಹಾಕಿದಂತೆ ಚೌಕ ಚೌಕವಾಗಿ. ಮೆಣಸಿನ ಕಾಳಿನಷ್ಟು ಸಣ್ಣ ಸುರುಳಿಗಳ ಒತ್ತಾದ ಕೂದಲು.

"ತುದಿಯಿಂದ ಶುರು ಮಾಡ್ರಿ," ಎಂದಿತು ದನಿ. "ಬುಡಕ್ಕ ಕೈ ಹಾಕಬ್ಯಾಡ್ರಿ. ಕಾಡಿಗೆ ಹೊಕ್ಕಂಗ, ಅಂಚಿನಿಂದ ಒಳಗ."

ಕಾಫಿ ಲೋಟ ಕೆಳಗಿಟ್ಟು ಫೋನನ್ನು ಕಿವಿಯ ಹತ್ತಿರ ಎಳೆದುಕೊಂಡೆ. ನನ್ನ ಕಣ್ಣು ಕಿವಿ ಚುರುಕು. ಎಪ್ಪತ್ತೊಂದಾದರೂ ದಾರ ಪೋಣಿಸಲು ಯಾರನ್ನೂ ಕರೆಯುವವಳಲ್ಲ. ಮೊಮ್ಮಗಳು ಹೆದರಿದಳು.

"ಅಜ್ಜಿ, ಏನಾಯ್ತು?"

"ಇನ್ನೊಂದ್ ಸಲ ಹಾಕು ಅದನ್ನ," ಎಂದೆ.

ಮತ್ತೆ ಹಾಕಿದಳು. ಅದೇ ಮಾತು. ದನಿ ಬೇರೆ, ಮಾತು ಅದೇ. ಆ ಮಾತನ್ನು ಈ ಲೋಕದಲ್ಲಿ ಒಬ್ಬಳೇ ಹೆಂಗಸಿನ ಬಾಯಲ್ಲಿ ನಾನು ಕೇಳಿದ್ದೆ. ಅವಳಿಗೆ ಸೇರಿದ ಒಂದು ವಸ್ತು ಇಪ್ಪತ್ತೇಳು ವರ್ಷದಿಂದ ನನ್ನ ಬಳಿ ಇದೆ, ಈಗ ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ. ಅವಳ ವಿಷಯ ಬರೆಯಬೇಕೆಂದು ಎಷ್ಟೋ ಭಾನುವಾರ ಕುಳಿತು, ಎಷ್ಟೋ ಭಾನುವಾರ ಎದ್ದಿದ್ದೇನೆ. ಇವತ್ತು ಬರೆದು ಮುಗಿಸುತ್ತೇನೆ.

ಆಗ ನಾನು ಅಜ್ಜಂಪುರದ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಹಾಸ್ಟೆಲಿನ ಹೆಸರು ಬೇಡ. ಆ ಕಟ್ಟಡವೂ ಈಗಿಲ್ಲ, ಅಲ್ಲಿ ನಡೆದದ್ದರ ಹೊಣೆ ಕಟ್ಟಡದ್ದೂ ಅಲ್ಲ. ನಮ್ಮಪ್ಪ ರೈಲ್ವೆ ಗೇಟಿನಲ್ಲಿ ಕೆಲಸಕ್ಕಿದ್ದರು. ಬೀರೂರು ಬಿಟ್ಟ ರೈಲು ನಮ್ಮ ಗೇಟು ದಾಟುವ ಹೊತ್ತಿಗೆ ಮನೆಯಲ್ಲಿ ಸ್ನಾನ ಮುಗಿದಿರಬೇಕು, ಇನ್ನೊಂದು ದಾಟುವ ಹೊತ್ತಿಗೆ ಊಟ. ಹಾಗೆ ಬೆಳೆದ ನಾನು ಹಾಸ್ಟೆಲನ್ನೂ ಹಾಗೇ ನಡೆಸಿದೆ. ಐದಕ್ಕೆ ಗಂಟೆ, ಐದೂವರೆಗೆ ಓದು, ಏಳಕ್ಕೆ ಜಡೆ, ಎಂಟಕ್ಕೆ ತಿಂಡಿ. ಜಡೆ ಎಂದರೆ ಎರಡು ಜಡೆ, ಎಣ್ಣೆ ಹಚ್ಚಿ ಬಿಗಿದು, ಮೇಲಕ್ಕೆ ಮಡಚಿ, ಕೆಂಪು ಟೇಪು ಕಟ್ಟಿರಬೇಕು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಾಲು ನಿಲ್ಲಿಸಿ ಸೀರಣಿಗೆ ಹಿಡಿದು ಪ್ರತಿ ತಲೆಯಲ್ಲೂ ಹೇನು ನೋಡುತ್ತಿದ್ದೆ. ಹಾಸ್ಟೆಲಿನಲ್ಲಿ ಒಬ್ಬಳ ತಲೆಯ ಹೇನು ನಾಳೆ ಎಲ್ಲರ ತಲೆಯ ಹೇನು. ಆ ನಿಯಮದಲ್ಲಿ ತಪ್ಪಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು.

ಅವಳು ಅಡುಗೆಗೆ ಬಂದದ್ದು ಯಲ್ಲಾಪುರದ ಕಡೆಯಿಂದ, ವರ್ಗವಾಗಿ. ಸಿದ್ದಿ ಹೆಂಗಸು. ಅವರ ಹಿರಿಯರು ಆಫ್ರಿಕಾದಿಂದ ಬಂದವರು ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಒಂದು ಟ್ರಂಕು, ಒಂದು ಚಾಪೆ, ಹನ್ನೆರಡು ವರ್ಷದ ಮಗಳು. ಗಂಡ ಊರಲ್ಲಿ ಕೂಲಿ ಮಾಡಿಕೊಂಡಿದ್ದ. ಮಗಳನ್ನು ಹಾಸ್ಟೆಲಿಗೇ ಸೇರಿಸಿಕೊಂಡೆವು. ಹುಡುಗಿಯರು ತಾಯಿಯನ್ನು ಅಡುಗೆಯಕ್ಕ ಎಂದರು, ನಾನೂ ಹಾಗೇ ಕರೆದೆ. ಅವಳು ನನ್ನನ್ನು ಅಕ್ಕೋರೆ ಎನ್ನುತ್ತಿದ್ದಳು. ಅವರ ಕಡೆ ಮೇಷ್ಟರಮ್ಮಂದಿರನ್ನು ಹಾಗೆ ಕರೆಯುತ್ತಾರಂತೆ.

ಮೊದಲ ವಾರ ಅವಳಿಗೆ ಮುದ್ದೆ ಬರಲಿಲ್ಲ. ಅನ್ನ ಉಣ್ಣುವ ಸೀಮೆಯವಳು. ಮುದ್ದೆ ಒಡೆದರೆ ಒಳಗೆ ಹಸಿ ಹಿಟ್ಟಿನ ಗಂಟು.

"ಅಡುಗೆಯಕ್ಕ, ಮುದ್ದೇಲಿ ಮೊಟ್ಟೆ ಇಟ್ಟಿದ್ದೀರಾ?" ಎಂದಳು ಕಡೂರಿನ ಒಬ್ಬ ಹುಡುಗಿ. ಬಾಯಿ ಜೋರು ಅವಳದು.

"ಹೂಂ ಕಣವ್ವ. ಕಾವು ಕೂರು, ಮರಿ ಬರ್ತಾವು," ಎಂದಳು ಇವಳು.

ಹದಿನೈದು ದಿನದಲ್ಲಿ ಅವಳ ಮುದ್ದೆ ನನ್ನ ತಾಯಿಯ ಮುದ್ದೆಯನ್ನು ಮೀರಿಸಿತು. ಉಪ್ಪನ್ನು ಅಂಗೈಯಲ್ಲಿ ಅಳೆಯುತ್ತಿದ್ದಳು, ಚಮಚ ಮುಟ್ಟಲಿಲ್ಲ. ಊಟ ಮಾಡುತ್ತಿದ್ದದ್ದು ನಿಂತುಕೊಂಡೇ, ಬಾಗಿಲಿಗೆ ಒರಗಿ, ಯಾರ ತಟ್ಟೆ ಖಾಲಿಯಾಯಿತೆಂದು ನೋಡುತ್ತ. ಗಡಿಯಾರ ನೋಡುತ್ತಿರಲಿಲ್ಲ, ಆದರೂ ಎಂಟಕ್ಕೆ ಎಂದರೆ ಎಂಟಕ್ಕೆ ತಿಂಡಿ. ಒಮ್ಮೆ ಪರೀಕ್ಷೆ ಮಾಡಲು ಅಡುಗೆಮನೆಯ ಗಡಿಯಾರವನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿಟ್ಟೆ. ತಿಂಡಿ ಸರಿಯಾದ ಹೊತ್ತಿಗೇ ಬಂತು. ಹೇಗೆಂದು ಕೇಳಿದೆ.

"ಗಂಟಿ ನಿಮ್ಮ ಕೈಯಾಗ ಐತ್ರಿ ಅಕ್ಕೋರೆ, ಹಸಿವು ಹುಡುಗ್ಯಾರ ಹೊಟ್ಯಾಗ ಐತಿ. ನಾ ಅದನ್ನ ಕೇಳಿಸ್ಕೊಂಡು ಒಲಿ ಹಚ್ಚತೀನಿ."

ನನಗೆ ಆ ಉತ್ತರ ಹಿಡಿಸಲಿಲ್ಲ. ಮರೆಯಲೂ ಆಗಲಿಲ್ಲ.

ಅಡುಗೆಮನೆಯಲ್ಲಿ ತಲೆಗೆ ಬಟ್ಟೆ ಕಟ್ಟಬೇಕೆಂಬುದು ನನ್ನ ನಿಯಮ. ಅವಳು ಎಲ್ಲ ಹೊತ್ತಿನಲ್ಲೂ ಕಟ್ಟಿರುತ್ತಿದ್ದಳು, ನೀಲಿ ಚೌಕಳಿಯ ಬಟ್ಟೆ. ಅದರೊಳಗಿನದನ್ನು ನಾನು ನೋಡಿದ್ದು ನನಗೆ ಜ್ವರ ಬಂದಾಗ.

ವಿಷಮಶೀತ ಜ್ವರ, ಮೂರು ವಾರ ಮಲಗಿದೆ. ನನ್ನ ಕೂದಲು ಆಗ ಮೊಣಕಾಲಿಗೆ ಬರುತ್ತಿತ್ತು. ನನ್ನಲ್ಲಿ ನಾನು ಹೆಮ್ಮೆ ಪಟ್ಟುಕೊಂಡ ಒಂದೇ ವಸ್ತು ಅದು. ಜ್ವರ ಇಳಿದಾಗ ಅದು ಬೆವರು, ದಿಂಬು, ಎಣ್ಣೆ ಸೇರಿ ಒಂದು ಹಗ್ಗದ ಮುದ್ದೆಯಾಗಿತ್ತು. ನೋಡಲು ಬಂದ ಹೆಂಗಸರೆಲ್ಲ ಒಂದೇ ಮಾತು ಹೇಳಿದರು: "ಕತ್ತರಿಸ್ಬಿಡಿ ಕಣ್ರೀ, ಜ್ವರದ ಕೂದ್ಲು ಹೆಂಗೂ ಉದುರುತ್ತೆ."

ಅಡುಗೆಯಕ್ಕ ಗಂಜಿಯ ಲೋಟ ಕೆಳಗಿಟ್ಟು ಮುದ್ದೆಯನ್ನು ಕೈಯಲ್ಲಿ ಎತ್ತಿ ನೋಡಿದಳು.

"ಕತ್ತರಿ ಯಾಕ್ರಿ? ಗಂಟು ಅಂದ್ರ ಸಿಟ್ಟಿಗೆದ್ದ ಕೂದಲು. ಸಮಾಧಾನ ಮಾಡಬೇಕು."

ಟ್ರಂಕಿನಿಂದ ಒಂದು ಹಣಿಗೆ ತಂದಳು. ಬೀಟೆಮರದ್ದು, ಅಂಗೈ ಅಗಲ, ಒಂಬತ್ತೇ ಹಲ್ಲು. ಒಂದೊಂದು ಹಲ್ಲೂ ನನ್ನ ಕಿರುಬೆರಳಿನಷ್ಟು ಉದ್ದ, ನಡುವೆ ಬೆರಳು ತೂರುವಷ್ಟು ಸಂದು. ಅವಳ ಅಪ್ಪ ಕೆತ್ತಿಕೊಟ್ಟದ್ದಂತೆ. ಅಪ್ಪ ತೀರಿಕೊಂಡಿದ್ದ. ದಾಸವಾಳದ ಎಲೆ ಕಿವುಚಿ ಲೋಳೆ ಮಾಡಿಕೊಂಡು ನನ್ನ ತಲೆಯ ಹಿಂದೆ ಕುಳಿತಳು. ಮೂರು ಸಂಜೆ ಕುಳಿತಳು. ತುದಿಯಲ್ಲಿ ನಾಲ್ಕು ಎಳೆ ಬಿಡಿಸುವುದು, ಸ್ವಲ್ಪ ಮೇಲೆ ಹೋಗುವುದು, ಮತ್ತೆ ನಾಲ್ಕು ಎಳೆ. ನನಗೆ ತಾಳ್ಮೆ ಕಡಿಮೆ.

"ಬುಡದಿಂದ ಒಂದೇ ಸಲ ಎಳೆದುಬಿಡಿ ಅತ್ಲಾಗೆ," ಎಂದೆ.

"ಅಕ್ಕೋರೆ, ಕಾಡಿನ ನಡುಮಧ್ಯಕ್ಕ ಹಾರಿ ಬೀಳಾಕ ಬರಂಗಿಲ್ಲ. ಅಂಚಿನಿಂದ ಹೋಗಬೇಕು. ತುದಿ ಬಿಟ್ಟುಕೊಟ್ರ ಬುಡಾನೂ ಬಿಟ್ಟುಕೊಡ್ತೈತಿ."

ಮೂರನೆಯ ಸಂಜೆ ಕೊನೆಯ ಗಂಟು ಬಿಟ್ಟಿತು. ಒಂದು ಹಿಡಿ ಕೂದಲೂ ಹೋಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಜ್ವರದ ಸುಸ್ತು ಎಂದೆ. ಸೆಖೆ ಎಂದು ಅವಳು ತನ್ನ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ಆಗ ನೋಡಿದೆ. ಮಳೆಗಾಲದ ಮೋಡ ಎದ್ದು ನಿಂತ ಹಾಗೆ ಕೂದಲು, ಎಲ್ಲ ದಿಕ್ಕಿಗೂ ಸಮನಾಗಿ. ಚೆನ್ನಾಗಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಬಟ್ಟೆ ಕಟ್ಟಿಕೊಳ್ಳಿ, ಯಾರಾದರೂ ಬರುತ್ತಾರೆ ಎಂದೆ.

ಇದು ಮೊದಲ ವರ್ಷದ ಮಾತು. ಎರಡನೆಯ ವರ್ಷ ನಾನು ಮಾಡಿದ್ದನ್ನು ಈಗ ಕ್ರಮವಾಗಿ ಹೇಳುತ್ತೇನೆ.

ಅವಳ ಮಗಳ ಕೂದಲೂ ತಾಯಿಯದರಂತೆಯೇ. ಎರಡು ಜಡೆಗೆ ಬಗ್ಗುತ್ತಿರಲಿಲ್ಲ. ಟೇಪು ಜಾರುತ್ತಿತ್ತು. ಹುಡುಗಿಯರು "ಕಂಬಳಿ ತಲೆ" ಎಂದು ಛೇಡಿಸುತ್ತಿದ್ದರು. ಅಡುಗೆಯಕ್ಕ ಸಾರು ಬಡಿಸುತ್ತಲೇ ಉತ್ತರ ಕೊಡುತ್ತಿದ್ದಳು: "ಕಂಬಳಿ ಮಳೀಗೂ ಬೇಕು, ಚಳಿಗೂ ಬೇಕು. ನಿನ್ನ ರೇಷ್ಮಿ ಯಾವುದಕ್ಕ ಬಂತಲೇ?" ಹುಡುಗಿಯರು ನಗುತ್ತಿದ್ದರು. ಮಗಳು ನಗುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದಳು.

ಆ ವರ್ಷದ ತಪಾಸಣೆಗೆ ಬಂದ ಜಿಲ್ಲಾ ಅಧಿಕಾರಿ ಸಾಲಿನಲ್ಲಿ ನಡೆದು ಆ ಮಗುವಿನ ಮುಂದೆ ನಿಂತರು. "ಏನ್ರೀ ಇದು, ಮಗುಗೆ ತಲೆ ಬಾಚೋದಿಲ್ವಾ ನೀವು?" ಎಂದು ಎಲ್ಲರೆದುರು ಕೇಳಿದರು. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಜಡೆ ಸರಿ ಇದ್ದವು. ಅವರು ಪುಸ್ತಕದಲ್ಲಿ ಬರೆದದ್ದು ಆ ಒಂದರ ಬಗ್ಗೆ. ನನ್ನ ನೌಕರಿಯಲ್ಲಿ ನನ್ನ ಮೇಲೆ ಬಂದ ಮೊದಲ ಟೀಕೆ ಅದು. ನನಗೆ ನಿದ್ದೆ ಬರಲಿಲ್ಲ.

ಅಡುಗೆಯಕ್ಕನಿಗೂ ಆ ಮಾತು ಕೇಳಿಸಿತ್ತು. ಮುಂದಿನ ಶನಿವಾರ ಸಂಜೆ ಉಗ್ರಾಣದ ಹಿಂದೆ ಮಗಳನ್ನು ಕೂರಿಸಿಕೊಂಡು, ಆ ಬೀಟೆಯ ಹಣಿಗೆಯಿಂದ ಚೌಕ ಚೌಕ ಬೈತಲೆ ತೆಗೆದು, ತಲೆಗೆ ಅಂಟಿದಂತೆ ಸಾಲು ಸಾಲಾಗಿ ಸಣ್ಣ ಹೆಣಿಗೆ ಹಾಕಿದಳು. ಅವಳ ಅಜ್ಜಿ ಕಲಿಸಿದ್ದಂತೆ. ಅಚ್ಚುಕಟ್ಟಾಗಿತ್ತು. ಒಂದು ಎಳೆ ಹೊರಗಿರಲಿಲ್ಲ. ನಾನು ಬಯಸಿದ್ದೇ ಅಚ್ಚುಕಟ್ಟು, ಅಲ್ಲವೇ? ಆದರೆ ಅದನ್ನು ಕಂಡ ಹುಡುಗಿಯರು "ನಂಗೂ ಹಾಕಿ, ನಂಗೂ ಹಾಕಿ" ಎಂದು ಮುತ್ತಿಕೊಂಡರು. ಕಂಬಳಿ ತಲೆ ಎಂದವರೇ ಮೊದಲು. ಭಾನುವಾರ ಬೆಳಿಗ್ಗೆ ನನ್ನ ಸಾಲಿನಲ್ಲಿ ಹನ್ನೊಂದು ತಲೆ ಹಾಗೆ ಬಂದವು. ಎರಡು ಜಡೆ ಇಲ್ಲ, ಕೆಂಪು ಟೇಪು ಇಲ್ಲ. ಆ ಮಗು ಮೊದಲ ಸಲ ತಲೆ ಎತ್ತಿ ನಿಂತಿತ್ತು.

ಎಲ್ಲವನ್ನೂ ಬಿಚ್ಚಿಸಿದೆ. ಅಡುಗೆಮನೆಗೆ ಹೋಗಿ ಕೈ ಚಾಚಿದೆ. "ಹಣಿಗೆ ಕೊಡಿ."

"ಅದು ನಮ್ಮಪ್ಪಂದು ಅಕ್ಕೋರೆ."

"ವರ್ಷ ಮುಗಿದ ಮೇಲೆ ವಾಪಸ್ ಕೊಡ್ತೀನಿ. ಇದು ಹಾಸ್ಟೆಲು, ಜಾತ್ರೆ ಅಲ್ಲ."

ಅವಳು ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಹಲ್ಲಿನ ಸಂದಿಯಲ್ಲಿ ಮಗಳ ಕೂದಲಿನ ಒಂದು ಸುರುಳಿ ಉಳಿದಿತ್ತು. ನನ್ನ ಗಂಟು ಬಿಡಿಸಿದ ಹಣಿಗೆ ಇದೇ ಎಂಬುದು ನೆನಪಿತ್ತೇ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪಿತ್ತು. ಚೆನ್ನಾಗಿ ನೆನಪಿತ್ತು. ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಂಗಡಿಯ ಹಣಿಗೆಗಳು ಆ ಕೂದಲಿಗೆ ತಾಳಲಿಲ್ಲ. ಅಜ್ಜಂಪುರದ ಅಂಗಡಿಯಿಂದ ಅವಳು ತಂದವು ಒಂದಾದ ಮೇಲೊಂದು ಮುರಿದವು. ಭಾನುವಾರದ ಸಾಲಿನಲ್ಲಿ ನಾನು ಹಾಕಿದ ಸೀರಣಿಗೆ ಅರ್ಧದಲ್ಲೇ ಸಿಕ್ಕಿಕೊಂಡಿತು. ಮಗು ಅಳಲಿಲ್ಲ, ತುಟಿ ಕಚ್ಚಿಕೊಂಡಿತು. ಎರಡು ತಿಂಗಳಲ್ಲಿ ಕೂದಲು ಗಂಟಾಗಿ ಕುಳಿತುಬಿಟ್ಟಿತು. ಅಷ್ಟರಲ್ಲಿ ಪತ್ರ ಬಂತು: ಸೋಮವಾರ ಮರುತಪಾಸಣೆ.

ನಮ್ಮ ಕಡೆ ಒಂದು ನಂಬಿಕೆಯಿದೆ. ಮಕ್ಕಳ ಕೂದಲು ಕೆಟ್ಟದಾಗಿದ್ದರೆ ಮುಡಿ ಕೊಡಿಸುತ್ತಾರೆ. ತಲೆ ಬೋಳಿಸಿದ ಮೇಲೆ ಹುಟ್ಟುವ ಕೂದಲು ದಟ್ಟವಾಗಿ, ನೆಟ್ಟಗೆ ಬರುತ್ತದೆ ಎನ್ನುತ್ತಾರೆ. ಅದನ್ನು ನಾನೂ ನಂಬಿದ್ದೆ. ಶನಿವಾರ ಅವಳನ್ನು ಆಫೀಸಿಗೆ ಕರೆದು ಹೇಳಿದೆ: "ಮಗೂಗೆ ಮುಡಿ ತೆಗೆಸಿಬಿಡೋಣ. ಮತ್ತೆ ಬರುವಾಗ ನೆಟ್ಟಗೆ ಬರುತ್ತೆ. ಅವಳಿಗೇ ಒಳ್ಳೇದು."

ಅವಳು ಬೀರುವಿನ ಕಡೆ ನೋಡಿದಳು.

"ಹಣಿಗೆ ಕೊಟ್ರ ಇವತ್ತು ರಾತ್ರಿ ಕೂತು ಬಿಡಸ್ತೀನ್ರಿ."

"ನಿಮ್ಮ ಹಣಿಗೆಯಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು?" ಎಂದೆ.

ಭಾನುವಾರ ಹತ್ತು ಗಂಟೆಗೆ ಊರಿನ ಕ್ಷೌರದವನು ಬಂದ. ಹಿತ್ತಲಲ್ಲಿ ಮಣೆ ಹಾಕಿ ಮಗುವನ್ನು ಕೂರಿಸಿದೆವು. ಮಗು ತಾಯಿಯ ಮುಖ ನೋಡುತ್ತಿತ್ತು. ತಾಯಿ ಅದರ ಕೈ ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮುಗಿಯಿತು. ಮಗು ಕೈಯೆತ್ತಿ ತಲೆ ಸವರಿಕೊಂಡು ಕೈ ಹಿಂದಕ್ಕೆ ತೆಗೆಯಿತು, ಬಿಸಿ ಪಾತ್ರೆ ಮುಟ್ಟಿದ ಹಾಗೆ.

ಆಗ ಅಡುಗೆಯಕ್ಕ ನೀಲಿ ಬಟ್ಟೆ ಬಿಚ್ಚಿದಳು. ಮಗಳನ್ನು ಎಬ್ಬಿಸಿ ಅದೇ ಮಣೆಯ ಮೇಲೆ ತಾನು ಕುಳಿತಳು.

"ನಂದೂ ತೆಗಿಯಪ್ಪಾ."

ಅವನು ಕತ್ತಿ ಕೆಳಗಿಟ್ಟ. "ಏನಮ್ಮಾ ನೀನು! ಗಂಡ ಇರೋ ಹೆಂಗ್ಸು. ಮೇಡಮ್ಮೋರೆ, ನಂಗೆ ಕೈ ಬರಕ್ಕಿಲ್ಲ ಕಣ್ರೀ. ನೀವಾದ್ರೂ ಹೇಳಿ."

"ಏಳ್ರೀ ಮೇಲೆ. ನಿಮಗೆ ಯಾರು ಹೇಳಿದ್ರು?" ಎಂದೆ.

"ಒಂದ ಮನಿ ಕೂದಲು ಅಕ್ಕೋರೆ. ಆಕೀದು ಕೆಟ್ಟದ್ದು ಅಂದ್ರ ನಂದೂ ಕೆಟ್ಟದ್ದ. ಆಕಿ ಒಬ್ಬಾಕಿನ ಹಿಂಗ ಸಾಲಿನ್ಯಾಗ ನಿಲ್ಲಾಕ ನಾ ಬಿಡಂಗಿಲ್ಲ." ಆಮೇಲೆ ಅವನಿಗೆ, "ತೆಗಿ. ಗಂಡಗ ನಾ ಹೇಳ್ಕೋತೀನಿ."

ನಾನು ತಡೆಯಬಹುದಿತ್ತು. ಒಂದು ಮಾತು ಸಾಕಿತ್ತು. ಬೀರುವಿನ ಕೀಲಿ ನನ್ನ ಸೊಂಟದಲ್ಲೇ ಇತ್ತು. ನಾನು ಗಡಿಯಾರ ನೋಡಿದೆ.

ಅವಳದೂ ಮುಗಿಯಿತು. ಎದ್ದು, ಕೆಳಗೆ ಬಿದ್ದ ಕೂದಲನ್ನು ಗಂಟು ಕಟ್ಟಿಕೊಳ್ಳಲು ಒಂದು ಬಟ್ಟೆ ತರುತ್ತೇನೆಂದು ಒಳಗೆ ಹೋದಳು. ಹನ್ನೊಂದಕ್ಕೆ ಊಟದ ತಯಾರಿ. ಹಿತ್ತಲಲ್ಲಿ ಕೂದಲು ಹಾರಾಡಿದರೆ ಅನ್ನಕ್ಕೆ ಬೀಳುತ್ತದೆ. ಅದು ನನ್ನ ತಲೆಯಲ್ಲಿದ್ದ ಯೋಚನೆ, ಬೇರೆ ಯಾವುದೂ ಅಲ್ಲ. ಪೊರಕೆ ತೆಗೆದುಕೊಂಡು ಗುಡಿಸಿ, ಮೊರಕ್ಕೆ ತುಂಬಿ, ನೀರು ಕಾಯಿಸುವ ಹಂಡೆಯ ಒಲೆಗೆ ನಾನೇ ಹಾಕಿದೆ. ತಾಯಿಯದು ಯಾವುದು ಮಗಳದು ಯಾವುದು ಗೊತ್ತಾಗುವಂತಿರಲಿಲ್ಲ. ಚಟಪಟ ಎಂದಿತು. ತಿರುಗಿ ನೋಡಿದರೆ ಅವಳು ಬಿಚ್ಚಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಬೋಳು ತಲೆ, ಖಾಲಿ ಬಟ್ಟೆ.

"ಹಳ್ಳಕ್ಕ ಬಿಡೋಣ ಅಂದಿದ್ದೆ ಅಕ್ಕೋರೆ," ಎಂದಳು. ಅಷ್ಟೆ. ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಸುಟ್ಟ ಕೂದಲಿನ ವಾಸನೆ ಊಟದ ಮನೆಯನ್ನೆಲ್ಲ ತುಂಬಿತು. ಅವತ್ತು ಹುಡುಗಿಯರು ಉಣ್ಣಲಿಲ್ಲ. ಬಾಯಿ ಜೋರಿನ ಕಡೂರಿನ ಹುಡುಗಿ ಆ ಮಗುವಿನ ಪಕ್ಕ ಕುಳಿತು ತನ್ನ ಬೆಲ್ಲವನ್ನು ಅದರ ತಟ್ಟೆಗೆ ಇಟ್ಟಳು.

ಸೋಮವಾರ ಅಧಿಕಾರಿ ಬಂದರು. ಅಡುಗೆಯಕ್ಕ ತಲೆಗೆ ಬಟ್ಟೆ ಕಟ್ಟಿರಲಿಲ್ಲ. ನಿಯಮ ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗೇ ಬಂದು ಬಡಿಸಿದಳು. ಅಧಿಕಾರಿ ತಾಯಿಯನ್ನೂ ಮಗಳನ್ನೂ ನೋಡಿ ನಕ್ಕರು.

"ಓಹೋ, ಇಬ್ರೂ ಮುಡಿ ಕೊಟ್ಟಿದ್ದೀರಿ! ಯಾವ ದೇವರಿಗಮ್ಮಾ?"

ಅವಳು ಸೌಟಿನಿಂದ ಕಣ್ಣು ತೆಗೆಯದೆ ಹೇಳಿದಳು: "ಅಕ್ಕೋರಿಗೆ, ಸಾಹೇಬ್ರ."

ಅವರು ಅದನ್ನು ತಮಾಷೆ ಎಂದುಕೊಂಡರು. ಜೋರಾಗಿ ನಕ್ಕು, ಈ ಸಲ ತಲೆಗಳೆಲ್ಲ ಅಚ್ಚುಕಟ್ಟಾಗಿವೆ ಎಂದು ಪುಸ್ತಕದಲ್ಲಿ ಬರೆದು ಹೋದರು.

ಕೂದಲು ಮತ್ತೆ ಬಂತು. ನೆಟ್ಟಗೆ ಬರಲಿಲ್ಲ. ಮೊದಲಿನ ಹಾಗೇ, ಅದೇ ಸುರುಳಿ. ಮೂರನೆಯ ತಿಂಗಳು ನನಗೆ ಕಾಫಿ ಕೊಡುತ್ತ ಅವಳು ತನ್ನ ತಲೆ ಸವರಿಕೊಂಡು, "ನೋಡ್ರಿ, ದಾರಿ ಮರ್ತಿಲ್ಲ ಇದು," ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಕೋಪವಿದ್ದಿದ್ದರೆ ನಾನು ಏನಾದರೂ ಉತ್ತರ ಕೊಟ್ಟು ಹಗುರಾಗುತ್ತಿದ್ದೆ.

ಬೇಸಿಗೆಯಲ್ಲಿ ಅವಳಿಗೆ ಊರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಟ್ರಂಕು ಅಂಗಳದಲ್ಲಿಟ್ಟು ಆಫೀಸಿನ ಬಾಗಿಲಿಗೆ ಬಂದು ನಿಂತಳು. ಮಗಳು ಅವಳ ಹಿಂದೆ.

"ಅಕ್ಕೋರೆ, ನನ್ನ ಹಣಿಗೆ."

ಬೀರು ಅವಳೆದುರು ತೆಗೆಯಬೇಕಿತ್ತು. ಆ ಹಣಿಗೆಯನ್ನು ಅವಳ ಕೈಗೆ ಕೊಡುವಾಗ ಅವಳ ಮುಖ ನೋಡಬೇಕಿತ್ತು.

"ಕೀಲಿ ಕಾಣ್ತಾ ಇಲ್ಲ," ಎಂದೆ. "ಕಳಿಸಿಕೊಡ್ತೀನಿ."

ನನ್ನ ಸೊಂಟದ ಕೀಲಿಗೊಂಚಲನ್ನು ಮಗು ನೋಡಿತು. ತಾಯಿಯೂ ನೋಡಿರಬೇಕು. "ಆಯ್ತ್ರಿ ಅಕ್ಕೋರೆ, ಕಳಿಸ್ರಿ," ಎಂದು ಕೈಮುಗಿದು ಹೋದಳು. ಬಸ್ಸು ಹೊರಟದ್ದು ಒಂಬತ್ತೂ ಹತ್ತಕ್ಕೆ.

ಕಳಿಸಲಿಲ್ಲ. ಮೊದಲು ನಾಚಿಕೆ, ಆಮೇಲೆ ಕೆಲಸ, ಆಮೇಲೆ ತಡವಾಯಿತೆಂಬ ನಾಚಿಕೆ. ನಿವೃತ್ತಿಯ ದಿನ ಹಾಸ್ಟೆಲಿನ ಒಂದು ಸೂಜಿಯನ್ನೂ ಮನೆಗೆ ತಂದವಳಲ್ಲ ನಾನು. ಆ ಹಣಿಗೆಯನ್ನು ಮಾತ್ರ ತಂದೆ.

ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ನನಗೆ ಆ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಕೆಲವು ವರ್ಷ ಅದಕ್ಕೆ ಒಂದು ಕಾರಣವಿತ್ತು. ನನ್ನ ಮೊಮ್ಮಗಳದು ಅವಳ ತಾಯಿಯ ಕಡೆಯ ಗುಂಗುರು ಕೂದಲು. ಚಿಕ್ಕವಳಿದ್ದಾಗ ನಾನೇ ಎಣ್ಣೆ ಹಚ್ಚಿ ಬಿಗಿಯುತ್ತಿದ್ದೆ. ದೊಡ್ಡವಳಾದ ಮೇಲೆ ಕಾದ ಮೆಷಿನ್ನಿನಲ್ಲಿ ಒತ್ತಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಆರು ತಿಂಗಳ ಹಿಂದೆ, ಕಡೂರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೆ, ಮೆಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟಳು. "ಅಜ್ಜಿ, ಇನ್ಮೇಲೆ ನನ್ ಕೂದ್ಲು ಹೆಂಗಿದೆಯೋ ಹಂಗೆ," ಎಂದಳು. ಈಗ ಮನೆಯಲ್ಲಿ ಮೆಷಿನ್ ಇಲ್ಲ. ವಾಸನೆ ಮಾತ್ರ ಬರುತ್ತದೆ.

ಅವಳ ಫೋನಿನ ತುಂಬ ಈಗ ಆಫ್ರಿಕಾದ, ಅಮೆರಿಕದ ಕಪ್ಪು ಹೆಣ್ಣುಮಕ್ಕಳು. ತಲೆಮಾರುಗಟ್ಟಲೆ ಕಾಸಿ, ಔಷಧ ಹಚ್ಚಿ, ತಲೆ ಸುಟ್ಟುಕೊಂಡು ಕೂದಲನ್ನು ನೇರ ಮಾಡಿಕೊಂಡವರು ಈಗ ಅದನ್ನೆಲ್ಲ ಬಿಟ್ಟು ಹುಟ್ಟಿದ ಹಾಗೇ ಇಟ್ಟುಕೊಳ್ಳುತ್ತಿದ್ದಾರಂತೆ. ಅವರನ್ನು ನೋಡಿ ಇಲ್ಲಿಯ ಹುಡುಗಿಯರಿಗೂ ಧೈರ್ಯ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲೇ ಗುಂಗುರು ಬಿಟ್ಟುಕೊಂಡು ನಿಂತವರನ್ನು ನಾನು ಕಾಣುತ್ತೇನೆ, ಕಂಡಾಗಲೆಲ್ಲ ಒಂದು ಹೆಜ್ಜೆ ತಪ್ಪುತ್ತದೆ. ಹಿಂದಿನ ವಾರ ಮೊಮ್ಮಗಳು ಹೇಳಿದಳು: "ಅಲ್ಲೆಲ್ಲ ಸ್ಕೂಲಿಂದ ಮಕ್ಕಳನ್ನ ಮನೆಗೆ ಕಳಿಸ್ತಿದ್ರಂತೆ ಅಜ್ಜಿ, ಕೂದ್ಲು ನೀಟಾಗಿಲ್ಲ ಅಂತ. ಎಂಥಾ ಕಲ್ಲು ಜನ, ಅಲ್ವಾ?"

ನಾನು ಹುರುಳಿಕಾಯಿ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ.

ಇವತ್ತು ಬೆಳಿಗ್ಗೆ ಅವಳಿಗೆ ಎಲ್ಲವನ್ನೂ ಹೇಳಿದೆ, ಮೇಲೆ ಬರೆದ ಕ್ರಮದಲ್ಲೇ. ಬೀರು ತೆಗೆದು ಹಣಿಗೆ ತಂದು ಮೇಜಿನ ಮೇಲಿಟ್ಟೆ. ಸಂದಿಯಲ್ಲಿ ಆ ಸುರುಳಿ ಹಾಗೇ ಇದೆ. ಮೊಮ್ಮಗಳು ಅದನ್ನು ಮುಟ್ಟದೆ ಬಗ್ಗಿ ನೋಡಿದಳು. ನನ್ನ ಮುಖ ನೋಡಲಿಲ್ಲ. ಆಮೇಲೆ ವಿಡಿಯೋದ ಕೆಳಗೆ ಬರೆದಿದ್ದ ನಂಬರನ್ನು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು. "ನೀನೇ ಮಾತಾಡು," ಎಂದಳು.

ಎಂಟು ಗಂಟೆ ಐದು ನಿಮಿಷ. ಆ ಕಡೆ ಕುಕ್ಕರಿನ ಸದ್ದು.

"ಯಾರ್ರೀ?"

ಹೆಸರು ಹೇಳಿದೆ, ಹಾಸ್ಟೆಲ್ ಹೇಳಿದೆ. ಸದ್ದು ನಿಂತಿತು. ಒಲೆ ಆರಿಸಿರಬೇಕು.

"ಅಕ್ಕೋರು," ಎಂದಳು. ಆ ಮಗು. ಈಗ ನಲವತ್ತರ ಹತ್ತಿರ.

"ಅಮ್ಮ ಹೇಗಿದ್ದಾರೆ?" ಎಂದೆ.

"ಅವ್ವ ಹ್ವಾದ ಮಳಿಗಾಲದಾಗ ಹೋದ್ಲು ರೀ." ಸ್ವಲ್ಪ ಬಿಟ್ಟು, "ಕಡೀಗೂ ತಲಿ ತುಂಬ ಕೂದಲಿತ್ತು. ಬೆಳ್ಳಗ, ಹತ್ತಿ ಹೂ ಹಂಗ. ನಾನ ಹೆಣಿಗಿ ಹಾಕಿ ಕಳಿಸಿದೆ."

ಅವಳೇ ಮುಂದುವರಿಸಿದಳು. ಊರಲ್ಲೇ ಹುಡುಗಿಯರಿಗೆ ಹೆಣಿಗೆ ಹಾಕುವ ಕೆಲಸ ಮಾಡುತ್ತಾಳಂತೆ. ಹುಬ್ಬಳ್ಳಿಯಿಂದಲೂ ಬರುತ್ತಾರಂತೆ. "ಮೊದಲ ನಮ್ಮ ಹುಡುಗ್ಯಾರ ಮುಚ್ಕೊಂಡು ಅಡ್ಡಾಡತಿದ್ರು. ಈಗ ಬಿಚ್ಚಿ ಅಡ್ಡಾಡತಾವು ರೀ."

"ನಿಮ್ಮ ತಾಯಿಯ ಹಣಿಗೆ ನನ್ನ ಹತ್ರ ಇದೆ," ಎಂದೆ.

"ಗೊತ್ತೈತ್ರಿ. ಅವ್ವ ಯಾವಾಗ್ಲೂ ಹೇಳತಿದ್ಲು. 'ಅಕ್ಕೋರು ಕಳಿಸ್ತಾರ. ಮಾತಿಗೆ ತಪ್ಪೋರಲ್ಲ ಅವರು, ಗಂಟಿ ಮ್ಯಾಲೆ ನಡಿಯೋ ಮನಷ್ಯಾರು.' ಅಂಚಿಯವ ಬಂದ್ರ ಎದ್ದು ನೋಡತಿದ್ಲು. ಜಡ್ಡಿನಾಗೂ ಕೇಳಿದ್ಲು, ಬಂತೇನು ಅಂತ."

ಕೀಲಿ ನೋಡಿಯೂ ಅವಳು ಹಾಗೆ ಹೇಳುತ್ತಿದ್ದಳೇ? ಮಗಳು ನನ್ನನ್ನು ದ್ವೇಷಿಸಬಾರದೆಂದು ಹೇಳುತ್ತಿದ್ದಳೇ? ಅಥವಾ ನಿಜವಾಗಿ ನಂಬಿದ್ದಳೇ? ಕೇಳಲು ಅವಳಿಲ್ಲ. ಈ ಪ್ರಶ್ನೆ ಇನ್ನು ನನ್ನ ಜೊತೆಗೇ ಇರುತ್ತದೆ.

"ನಾಳೆನೇ ಅಂಚೆಗೆ ಹಾಕ್ತೀನಮ್ಮಾ. ನನ್ನಿಂದ ದೊಡ್ಡ ತಪ್ಪು..."

"ಅಕ್ಕೋರೆ," ಎಂದು ತಡೆದಳು. ಆ ಕರೆಯಲ್ಲಿ ಅವಳ ತಾಯಿಯ ದನಿ ಪೂರ್ತಿ ಇತ್ತು. "ಅಂಚಿ ಬ್ಯಾಡ. ತಪ್ಪು ಗಿಪ್ಪು ಹೇಳಬ್ಯಾಡ್ರಿ, ಅದನ್ನ ಇಟ್ಕೊಂಡು ನಾ ಏನ್ ಮಾಡ್ಲಿ? ಹಣಿಗಿ ಬೇಕು. ನೀವ ತಗೊಂಡು ಬರ್ರಿ. ನನ್ನ ಕೈಯಾಗ ಕೊಡ್ರಿ."

ಬರುತ್ತೇನೆ ಎಂದೆ. ಯಾವಾಗ ಎಂದಳು. ನಾಳೆ ಎಂದೆ.

ಹನ್ನೊಂದು ಗಂಟೆಗೆ ವಾಸನೆ ಬಂತು. ಕಿಟಕಿ ಮುಚ್ಚಲಿಲ್ಲ, ಕುಳಿತಿದ್ದೆ. ಆಮೇಲೆ ಬರೆಯಲು ಶುರು ಮಾಡಿ, ಊಟಕ್ಕೆ ಮಾತ್ರ ಎದ್ದೆ.

ಸಂಜೆ ಮೊಮ್ಮಗಳು ತಲೆ ತೊಳೆದು ಬಂದು ನನ್ನ ಮುಂದೆ ಬೆನ್ನು ಮಾಡಿ ಕುಳಿತಳು. ಬೆಳಗಿನಿಂದ ಅವಳು ನನ್ನೊಂದಿಗೆ ಹೆಚ್ಚು ಮಾತಾಡಿರಲಿಲ್ಲ. "ಅದ್ರಲ್ಲೇ ಒಂದ್ಸಲ ಬಾಚಜ್ಜಿ," ಎಂದಳು.

"ಅದು ನಮ್ಮದಲ್ಲ," ಎಂದೆ.

ಅವಳ ಪ್ಲಾಸ್ಟಿಕ್ ಹಣಿಗೆ ತೆಗೆದುಕೊಂಡೆ. ತುದಿಯಿಂದ ಶುರು ಮಾಡಿದೆ. ನಾಲ್ಕು ಎಳೆ, ಸ್ವಲ್ಪ ಮೇಲೆ, ಮತ್ತೆ ನಾಲ್ಕು ಎಳೆ. ಐವತ್ತು ನಿಮಿಷ ಹಿಡಿಯಿತು. ನನ್ನ ಕೈಗೆ ಅದು ಬರುತ್ತದೆ. ಆವಾಗಲೂ ಬರುತ್ತಿತ್ತು, ಕಲಿಸಿದವಳು ನನ್ನ ತಲೆಯ ಮೇಲೇ ಕಲಿಸಿದ್ದಳು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗ, ಅಲ್ಲಿಂದ ಸಾಗರ, ಶಿರಸಿ, ಯಲ್ಲಾಪುರ. ಹಣಿಗೆಯನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಸಂದಿಯ ಕೂದಲನ್ನು ತೆಗೆಯದೆ, ಚೀಲದಲ್ಲಿಟ್ಟೆ. ಒಂದು ಸೀರೆ, ನೀರಿನ ಬಾಟಲಿ, ಮಾತ್ರೆ. ಬೀರುವಿನ ಕೆಳಗಿನ ಖಾನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬೀಗ ಹಾಕಲಿಲ್ಲ. ಸೊಂಟದ ಕೀಲಿಗೊಂಚಲನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಈಗ ಸಂಜೆ ಆರೂ ಇಪ್ಪತ್ತು.